ಗೀಜಗನ ಗೂಡಿನ ಎತ್ತರ

ಹಂದನಕೆರೆ
11 ನವೆಂಬರ್ 2024

ಬಾಲರಾಜಣ್ಣನಿಗೆ, ತಿಪಟೂರು ಟೈಲರ್ ರಹಮತುಲ್ಲಾ ಮಗಳು ಫರ್ಹಾಳ ಸಲಾಮೂ ನಮಸ್ಕಾರವೂ.

ಯಾವ ಫರ್ಹಾ ಅಂತ ತಲೆ ಕೆರ್ಕೋಬೇಡಿ. ಮೇ ತಿಂಗಳಲ್ಲಿ ಹತ್ತು ದಿನ ನಿಮ್ಮ ಹಿಂದೆ ತೋಟ ತೋಟ ಅಲೆದು, ಹನ್ನೊಂದನೇ ದಿನ ನಿಮ್ಮ ಜಾಗದಲ್ಲೇ ಕೂತವಳು. ಓತಿಕ್ಯಾತ, ಹಾವುರಾಣಿ, ಹಕ್ಕಿ ಎಣಿಸೋ ಕೆಲಸಕ್ಕೆ ಹೆಣ್ಣುಮಗಳು ಯಾಕೆ ಅಂತ ಊರೆಲ್ಲ ಕೇಳಿತು. ನೀವೊಬ್ಬರು ಕೇಳಲಿಲ್ಲ. ರೂಮಿನ ಬೀಗದಕೈ ಕೊಟ್ಟು, ನೋಡ್ಕೊಳಮ್ಮ ಅಂದು, ಕಡಲಾಮೆ ಎಣಿಸೋಕೆ ಅಂಡಮಾನಿಗೆ ಹೊರಟೇಬಿಟ್ರಿ. ಹನ್ನೆರಡು ವರ್ಷ ಮಾಡಿದ ಕೆಲಸ ಬಿಟ್ಟು ಹೀಗೆ ಹೋದರಲ್ಲ, ನನ್ನನ್ನ ತಂದು ಹಾಕಿದ್ದಕ್ಕೆ ಬೇಜಾರಾಯ್ತಾ ಅಂತ ಆಮೇಲೆ ನನಗೆ ಒಳಗೊಳಗೇ ಕೊರೀತಿದೆ. ಫೋನ್ ಮಾಡೋಣ ಅಂದ್ರೆ ನಿಮ್ಮ ದ್ವೀಪದಲ್ಲಿ ಟವರ್ ಇಲ್ಲ, ಹದಿನೈದು ದಿನಕ್ಕೊಂದು ದೋಣಿ ಅಂತೆ. ಅದಕ್ಕೇ ಈ ಕಾಗದ. ಶಾಲೆಯಲ್ಲಿ ರಜಾ ಅರ್ಜಿ ಬರೆದದ್ದು ಬಿಟ್ಟರೆ ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಈಗ ವಿಷಯಕ್ಕೆ ಬರ್ತೀನಿ. ಮಂಚದ ಕೆಳಗಿನ ಟ್ರಂಕಿನಲ್ಲಿ ನಿಮ್ಮ ಹನ್ನೆರಡು ನೋಟ್‌ಬುಕ್ ಸಿಕ್ಕವು. ಇಷ್ಟು ವರ್ಷ ನೀವು ಬೆಂಗಳೂರಿನ ಆಫೀಸಿಗೆ ಎಷ್ಟು ಗೂಡು, ಎಷ್ಟು ಹಕ್ಕಿ ಅನ್ನೋ ಲೆಕ್ಕ ಮಾತ್ರ ಕಳಿಸ್ತಿದ್ರಂತೆ, ಮಿಕ್ಕಿದ್ದನ್ನು ಯಾರೂ ತೆರೆದೇ ನೋಡಿಲ್ಲ. ಆ ಆಫೀಸಿನ ಭವ್ಯಶ್ರೀ ಮೇಡಂ ಎಲ್ಲವನ್ನೂ ಕಂಪ್ಯೂಟರಿಗೆ ಹಾಕು ಅಂದರು. ಹಾಕೋಕೆ ಕೂತವಳು ಓದ್ತಾ ಉಳಿದುಬಿಟ್ಟೆ. "ಗಂಡು ಮೂರು ಗೂಡು ಕಟ್ಟಿತು. ಹೆಣ್ಣು ಬಂದು ಮೂರಕ್ಕೂ ತಲೆ ಒಳಗೆ ಹಾಕಿ ನೋಡಿ ಹೋಯಿತು. ನಾಲ್ಕನೇದಕ್ಕೆ ಒಳಗೆ ಹೋದದ್ದು ಈಚೆ ಬರಲಿಲ್ಲ. ಗಂಡಿಗೆ ಹೆಮ್ಮೆ." ಇದನ್ನು ಯಾವ ಕಾಲಂಗೆ ಹಾಕಲಿ ಹೇಳಿ? ನಾನು ಬಿಎಸ್‌ಸಿ ಓದುವಾಗ ಮೂರು ವರ್ಷದಲ್ಲಿ ಇಂಥ ಒಂದು ಸಾಲು ಓದಲಿಲ್ಲ. ಪೆನ್ಸಿಲ್ ಅಕ್ಷರ ಅಲ್ಲಲ್ಲಿ ಮಳೆಗೆ ಕದಡಿದೆ, ಎತ್ತರದ ಕಾಲಂನಲ್ಲಿ ಕಾಗುಣಿತ ಒಂದೆರಡು ಕಡೆ ತಪ್ಪಿತ್ತು, ತಿದ್ದಿದ್ದೀನಿ. ಬೇಜಾರು ಮಾಡ್ಕೋಬೇಡಿ.

ಒಂದು ಆಶ್ಚರ್ಯ ಹೇಳ್ತೀನಿ. ನಿಮ್ಮ ವರ್ಷಗಳಲ್ಲಿ ಗೀಜಗನ ಗೂಡು ನೆಲದಿಂದ ಸರಾಸರಿ ಆರೂವರೆ ಎತ್ತರದಲ್ಲಿದ್ದವು. ಈ ವರ್ಷ ಲೇಸರ್ ಯಂತ್ರದಲ್ಲಿ ನಾನು ಅಳೆದರೆ ಹನ್ನೊಂದು. ಅದೇ ತೋಟ, ಅದೇ ತೆಂಗು. ಹಕ್ಕಿಗಳು ಮೇಲಕ್ಕೆ ಹೋಗ್ತಿವೆ ಬಾಲರಾಜಣ್ಣ! ಮೇಡಂಗೆ ಇನ್ನೂ ತೋರಿಸಿಲ್ಲ, ಮೊದಲು ನಿಮಗೇ ಹೇಳಬೇಕು ಅನ್ನಿಸಿತು. ನಿಮ್ಮ ಕಣ್ಣಿಗೆ ಇದು ಬಿದ್ದಿತ್ತಾ?

ಇನ್ನೊಂದು. ನೀವು ಕಾಯಿಮಟ್ಟೆ ರಾಶಿ ಸರಿಸುವಾಗ ಬಲಗೈ ಒಂದರಲ್ಲೇ ಎತ್ತಿ, ಎಡಗೈ ಸೊಂಟಕ್ಕೆ ಒತ್ತಿಟ್ಟುಕೊಳ್ತಿದ್ರಲ್ಲ, ನಾನೂ ಹಾಗೇ ಕಲಿತಿದ್ದೀನಿ. ಹಾವು ಬಂದ್ರೆ ಒಂದು ಕೈ ಖಾಲಿ ಇರಲಿ ಅಂತ ತಾನೇ? ರಂಗಮ್ಮನ ತೋಟದಲ್ಲಿ ಮೊನ್ನೆ ಹಾಗೆ ಎತ್ತಿದಾಗ ಒಂದೇ ರಾಶಿ ಕೆಳಗೆ ಐದು ಹಾವುರಾಣಿ. ಹಾವಿಗಿಂತ ವಿಷ ಕಣೇ ಅದು, ಟೈಲರ್ ಮಗಳು ಬಟ್ಟೆ ಹೊಲಿಯೋದು ಬಿಟ್ಟು ಇದೇನು ಕರ್ಮ ಅಂತ ರಂಗಮ್ಮ ಬಯ್ದರು. ಬಯ್ದು ಎಳನೀರು ಕೊಟ್ಟರು.

ನಿಮ್ಮ ಶಿಷ್ಯೆ,
ಫರ್ಹಾ


ಆಮೆ ಕ್ಯಾಂಪು
6 ಡಿಸೆಂಬರ್ 2024

ತಾಯಿ ಫರ್ಹಾ,

ನಿನ್ನ ಕಾಗದ ಬರೋಕೆ ಇಪ್ಪತ್ಮೂರು ದಿನ ಹಿಡೀತು. ದೋಣಿಯೋನು ಅಕ್ಕಿ ಮೂಟೆ ಕೆಳಗೆ ಇಟ್ಟಿದ್ದ, ಒಂದು ಮೂಲೆ ಒದ್ದೆ. ಆದರೂ ಎರಡು ಸಲ ಓದ್ದೆ. ಇಲ್ಲಿ ನನ್ನ ಜತೆ ಇರೋ ಹುಡುಗರಿಗೆ ಕನ್ನಡ ಬರಲ್ಲ, ಬಾಯಿ ತುಕ್ಕು ಹಿಡೀತಾ ಇತ್ತು.

ನಿನ್ನ ಮೇಲೆ ಬೇಜಾರಾ? ಬುಡು ಬುಡು. ಕಡಲು ನೋಡಬೇಕು ಅಂತ ಚಿಕ್ಕಂದಿನಿಂದ ಆಸೆ ಇತ್ತು ಕಣಮ್ಮ. ಶೆಟ್ಟಿಕೆರೆ ಕೆರೆ ಬಿಟ್ಟರೆ ಬೇರೆ ನೀರು ಕಂಡೋನಲ್ಲ ನಾನು. ಇಲ್ಲಿ ಕೆಲಸ ಸಲೀಸು. ಬೆಳಕು ಹರಿಯೋ ಹೊತ್ತಿಗೆ ಮರಳ ಮೇಲೆ ನಡಕೊಂಡು ಹೋಗೋದು, ಆಮೆ ಹೋದ ಜಾಡು ಎಣಿಸೋದು. ಆಮೆಗೆ ಹತ್ತೋದು ಇಳಿಯೋದು ಏನೂ ಇಲ್ಲ. ತೆಂಗಿನ ಮರ ಇಲ್ಲೂ ಬೇಕಾದಷ್ಟಿವೆ. ಕಾಯಿ ಬಿದ್ದು ಬಿದ್ದು ಮೊಳೀತಾ ಇವೆ, ಕೇಳೋರಿಲ್ಲ. ತಿಪಟೂರೋರು ನೋಡಿದ್ರೆ ಎದೆ ಬಡ್ಕೊಂಡಾರು.

ಗೀಜಗದ ಮಾತು. ಅದು ಸುಮ್ಸುಮ್ನೆ ಮೇಲಕ್ಕೆ ಹೋಗೋ ಹಕ್ಕಿ ಅಲ್ಲ. ಮರ ಬೆಳೆದಂಗೆ ಒಂದಡಿ ಎರಡಡಿ ಹೋದೀತು. ಆರೂವರೆ ಇದ್ದದ್ದು ಹನ್ನೊಂದು ಆಗಬೇಕಾದ್ರೆ ಮರದ ಮೇಲೆ ಇನ್ನೊಂದು ಮರ ನೆಡಬೇಕು. ಆ ಎತ್ತರಕ್ಕೆ ನಮ್ಮ ಕಡೆ ಎಷ್ಟು ತೆಂಗಿವೆ ನೀನೇ ಲೆಕ್ಕ ಹಾಕು. ನಿನ್ನ ಯಂತ್ರ ಒಂದ್ಸಲ ಯಾರಿಗಾದ್ರೂ ತೋರಿಸು. ಯಂತ್ರ ಬಂದ ಮೇಲೆ ಮನುಷ್ಯ ಹತ್ತೋ ಅಗತ್ಯ ಇಲ್ಲ ಅಂತ ಮೇಡಂ ಅಂದಿದ್ರು, ಒಳ್ಳೇದೇ. ಆದ್ರೆ ಗರಿ ತುದೀಲಿ ಗಾಳಿಗೆ ತೂಗೋ ಗೂಡು ಕೆಳಗೆ ನಿಂತೋರಿಗೆ ಪೂರ್ತಿ ಕಾಣಲ್ಲ.

ಕಾಗುಣಿತ ತಿದ್ದಿದ್ದು ಒಳ್ಳೇದಾಯ್ತು. ನಂದು ಏಳನೇ ಕ್ಲಾಸು, ಅದೂ ಅರ್ಧ.

ಒಂದು ಕೈ ಖಾಲಿ ಇರಬೇಕು ಅಂದ್ಯಲ್ಲ, ಹೌದು, ಅದಕ್ಕೇ.

ಕೆಂಚಯ್ಯನ ಬಾವಿ ಉಡ ಇನ್ನೂ ಐತಾ? ನೋಡಿ ಬರಿ.

ಬಾಲರಾಜು


ಹಂದನಕೆರೆ
2 ಜನವರಿ 2025

ಬಾಲರಾಜಣ್ಣ,

ಉಡ ಇದೆ. ಮೊನ್ನೆ ಎಳೆ ಬಿಸಿಲಿಗೆ ಬಾವಿ ಗೋಡೆಯ ಪೊಟರೆಯಿಂದ ಮುಖ ಮಾತ್ರ ಹೊರಗೆ ಹಾಕಿ, ಮನೆ ಯಜಮಾನನ ಹಾಗೆ ನನ್ನನ್ನೇ ನೋಡ್ತಿತ್ತು. ಕೆಂಚಯ್ಯನವರು ನಿಮ್ಮನ್ನು ಕೇಳಿದ್ರು. ಬಾಲರಾಜು ಬಾವಿಗೆ ಇಳಿಯೋದು ನೋಡಿದ್ರೆ ಉಡಕ್ಕೇ ನಾಚಿಕೆ ಆಗ್ತಿತ್ತು ಅಂದ್ರು. ನಿಮ್ಮನ್ನ ಹೊಗಳದೆ ಈ ಮೂರು ತಾಲ್ಲೂಕಿನಲ್ಲಿ ಯಾರೂ ನನಗೆ ನೀರು ಕೊಡಲ್ಲ, ಗೊತ್ತಾ ನಿಮಗೆ? ಆ ಕಡೆ ಸಂಪಿಗೆ ಊರಿಗೆ ಹೋದ್ರೂ ಅದೇ ಕಥೆ.

ಯಂತ್ರ ನೋಡಿದೆ. ಅಬ್ಬಾ ಅಂಗಡಿಯಿಂದ ಟೇಪ್ ತಂದು ಶಾಲೆ ಬಾವುಟದ ಕಂಬಕ್ಕೆ ಹಿಡಿದು ಎರಡನ್ನೂ ಹೋಲಿಸಿದೆ. ಯಂತ್ರದಲ್ಲಿ ತಪ್ಪಿಲ್ಲ.

ಕಳೆದ ವಾರ ಭವ್ಯಶ್ರೀ ಮೇಡಂ ಬಂದಿದ್ರು. ನಿಮ್ಮ ಲೆಕ್ಕ, ನನ್ನ ಲೆಕ್ಕ ಪಕ್ಕಪಕ್ಕ ಇಟ್ಟು ತುಂಬ ಹೊತ್ತು ನೋಡಿದ್ರು. ಮಾರ್ಚ್ ಮೂವತ್ತೊಂದಕ್ಕೆ ದೊಡ್ಡ ವರದಿ ಹೋಗಬೇಕು. ಅದರಲ್ಲಿ ನಿಮ್ಮ ಹನ್ನೆರಡು ವರ್ಷ ಸೇರಿಸೋದಾ, ಬಿಡೋದಾ ಅಂತ ಯೋಚನೆ ಮಾಡ್ತಿದ್ದಾರೆ. ಬಿಟ್ಟರೆ ನನ್ನ ಒಂದೇ ವರ್ಷದಿಂದ ಶುರು. ಅದಕ್ಕೇ ಕೆಲವು ಕೇಳಬೇಕು, ತಪ್ಪು ತಿಳ್ಕೋಬೇಡಿ. ಪ್ರತಿ ಮರಕ್ಕೂ ನೀವೇ ಹತ್ತಿ ಅಳೆದಿದ್ದಾ, ಕೆಲವನ್ನ ಕೆಳಗಿನಿಂದ ಅಂದಾಜು ಮಾಡಿದ್ದಾ? ಹತ್ತುವಾಗ ಜೊತೆಗೆ ಯಾರಾದರೂ ಇರ್ತಿದ್ರಾ? 2023ರ ಸೆಪ್ಟೆಂಬರ್ ಹದಿನಾಲ್ಕರ ನಂತರ ಮೂವತ್ತೊಂದು ಗೂಡಿನ ಮುಂದೆ ಎತ್ತರ ಬರೆದಿಲ್ಲ, ಬರೀ "ಹತ್ತಲಿಲ್ಲ" ಅಂತಿದೆ. ಯಾಕೆ?

ನನಗೆ ಅನುಮಾನ ಅಂತಲ್ಲ. ಮೇಡಂ ಕೇಳಿದ್ರೆ ಹೇಳೋಕೆ ನನ್ನ ಹತ್ತಿರ ಏನಾದರೂ ಇರಲಿ ಅಂತ.

ಒಂದು ಒಳ್ಳೇ ಸುದ್ದಿ. ಮರ ಹತ್ತೋ ಮಷೀನು ತರಬೇತಿಗೆ ಸೇರಿದ್ದೀನಿ, ಕಾಲಿಗೆ ಸಿಕ್ಕಿಸಿಕೊಂಡು ಒಂದೊಂದೇ ಹೆಜ್ಜೆ ಏರೋದು. ಅಮ್ಮಿಗೆ ಹೇಳಿಲ್ಲ. ಅಬ್ಬಾಗೆ ಹೇಳಿದೆ, ಪ್ಯಾಂಟಿನ ಮಂಡಿಗೆ ದಪ್ಪ ಬಟ್ಟೆ ಹಾಕಿ ಹೊಲಿದು ಕೊಟ್ಟರು.

ಫರ್ಹಾ


ಆಮೆ ಕ್ಯಾಂಪು
27 ಜನವರಿ 2025

ಫರ್ಹಾ,

ಕಾಗದ ಸೇರ್ತು. ಪೊಲೀಸ್ ಸ್ಟೇಷನ್‌ನಲ್ಲಿ ಕೇಳಿದಂಗೆ ಕೇಳಿದ್ದೀಯ. ನಿನ್ನದಲ್ಲ ಅದು, ಮೇಡಂ ಬಾಯಿ ಅಂತ ಗೊತ್ತು. ಆದರೂ ಬರೆದದ್ದು ನಿನ್ನ ಕೈ.

ನಾನೇ ಹತ್ತಿದೆ. ಎಲ್ಲಾ ಮರಾನೂ. ಗೂಡಿಂದ ಹಗ್ಗ ಇಳಿಬಿಟ್ಟು, ಕೆಳಗಿಳಿದು ಅದನ್ನ ಅಳೆದೆ. ಹತ್ತದೇ ಇದ್ದದ್ದಕ್ಕೆ ಹತ್ತಲಿಲ್ಲ ಅಂತ ಬರೆದೆ. ಯಾಕೆ ಅನ್ನೋದು ನನ್ನ ವಿಷಯ. ಜತೆಗೆ ಯಾರೂ ಇರಲಿಲ್ಲ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅಂತಾರಲ್ಲ, ನಂಗೆ ಆ ಬೇಲಿಗೂಟಾನೂ ಇಲ್ಲ. ಸೇರಿಸೋದಾದ್ರೆ ಸೇರಿಸಲಿ, ಬುಡೋದಾದ್ರೆ ಬುಡಲಿ. ಎತ್ತರದ ಮಾತು ಇನ್ನು ಬೇಡ.

ಇಷ್ಟೇ ಬರೆದು ಮುಚ್ಚಿಬಿಡೋಣ ಅಂತಿದ್ದೆ. ಮನಸ್ಸು ತಡೀಲಿಲ್ಲ, ಇದೊಂದು ಹೇಳಿಬಿಡ್ತೀನಿ. ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಮೊನ್ನೆ ಬೆಳಗಾಗಿದ್ರೂ ಒಂದು ಆಮೆ ಇನ್ನೂ ಮರಳ ಮೇಲೇ ಇತ್ತು. ಇದಕ್ಕೆ ಚಿಪ್ಪಿಲ್ಲ ಕಣಮ್ಮ, ಬೆನ್ನು ತೊಗಲು, ಮೇಲೆ ಏಳು ಏಣು. ಮೊಟ್ಟೆ ಮುಚ್ಚೋಕೆ ಹಿಂದಿನ ಕಾಲಲ್ಲಿ ಮರಳು ತಟ್ತಾ ಇತ್ತು, ನಮ್ಮವ್ವ ರಾಗಿ ಮುದ್ದೆ ತಟ್ಟಿದಂಗೆ. ಕಣ್ಣಲ್ಲಿ ನೀರು ಸುರೀತದೆ. ಉಪ್ಪು ಹೊರಗೆ ಹಾಕೋದು ಅದು ಅಂತ ಇಲ್ಲಿನ ಹುಡುಗರು ಹೇಳಿದ್ರು, ಆದ್ರೂ ನಾನು ಟೋಪಿ ತೆಗೆದೆ. ಅವರು ಟೇಪ್ ಹಿಡಿದ್ರು, ಬೆನ್ನಿನ ಉದ್ದ ನೂರ ಐವತ್ತೆಂಟು ಸೆಂಟಿಮೀಟರ್ ಬಂತು. ನಾನಾಗಿದ್ರೆ ಒಂದು ಮಾ. ಅಂತ ಬರೆದು, ಕೊಂಚ ಕಮ್ಮಿ ಅಂತ ಸೇರಿಸ್ತಿದ್ದೆ. ಇಷ್ಟು ವರ್ಷ ಬೆರಳುದ್ದದ ಹಾವುರಾಣಿ ಹಿಡಿದೋನು ನಾನು, ಅದು ನೀರಿಗೆ ಇಳಿಯೋ ತನಕ ಹಿಂದೆ ಹಿಂದೆ ನಡೆದೆ.

ಮಷೀನು ಹತ್ತುವಾಗ ಸೊಂಟಕ್ಕೆ ಹಗ್ಗ ಕಟ್ಟು. ಕಟ್ಟದೆ ಹತ್ತಬೇಡ. ಇದೊಂದು ಮಾತು ಕೇಳು.

ಬಾಲರಾಜು


ಹಂದನಕೆರೆ
19 ಫೆಬ್ರವರಿ 2025

ಬಾಲರಾಜಣ್ಣ,

ನಿಮ್ಮ ಕಾಲಿಗೆ ಬೀಳ್ತೀನಿ, ಪೂರ್ತಿ ಓದೋ ತನಕ ಕಾಗದ ಮಡಚಬೇಡಿ.

ನಿಮ್ಮ ಆಮೆ ಕಥೆ ರೂಮಿನ ಜಗಲಿ ಮೇಲೆ ಕೂತು ಓದ್ತಿದ್ದೆ. ನೂರ ಐವತ್ತೆಂಟು ಸೆಂಟಿಮೀಟರ್, ಒಂದು ಮಾ.ಗೆ ಕೊಂಚ ಕಮ್ಮಿ ಅಂತ ಬರೆದಿದ್ದೀರಿ. ಇದೇನು, ಒಂದೂವರೆ ಮೀಟರಿಗಿಂತ ಜಾಸ್ತಿ ಇರೋದು ಒಂದು ಮೀಟರಿಗೆ ಕಮ್ಮಿ ಹೇಗಾಗುತ್ತೆ, ಬಾಲರಾಜಣ್ಣ ಇಲ್ಲೂ ತಪ್ಪು ಬರೆದ್ರಾ ಅಂದುಕೊಂಡೆ. ಅಷ್ಟರಲ್ಲಿ ಹೂವಿನ ಕಲ್ಲಮ್ಮ ಬುಟ್ಟಿ ಹೊತ್ತು ಬಂದರು. ದಿನಾ ಬರ್ತಾರೆ, ದಿನಾ ಅದೇ ಮಾತು ಹೇಳ್ತಾರೆ. "ಒಂದು ಮಾರು ತಗೊಳವ್ವ." ಎರಡು ತೋಳು ಚಾಚಿ, ಈ ಕೈಯಿಂದ ಆ ಕೈಗೆ ದಾರ ಹಿಡಿದು ತೋರಿಸಿದರು.

ಕಾಗದ ಅಲ್ಲೇ ಬಿಟ್ಟು ಒಳಗೆ ಓಡಿ ನಿಮ್ಮ ಟ್ರಂಕು ತೆಗೆದೆ.

ಮಾ. ಅಂದ್ರೆ ಮಾರು. ಅಲ್ವಾ? ಹನ್ನೆರಡು ನೋಟ್‌ಬುಕ್ಕಿನಲ್ಲಿ ನೀವು ಬರೆದದ್ದು ಮಾರು. ನಾನು ಏನು ಮಾಡಿದೆ ಗೊತ್ತಾ? ಏಳನೇ ಕ್ಲಾಸು ಓದಿದವರು, ಪಾಪ, ಮೀಟರಿನ ಮೀ ಬರೆಯೋಕೆ ಹೋಗಿ ಮಾ ಬರೆದಿದ್ದಾರೆ ಅಂದುಕೊಂಡು ಕೂತು ತಿದ್ದಿದೆ. ಒಂದೆರಡು ಕಡೆ ಅಂತ ಮೊದಲ ಕಾಗದದಲ್ಲಿ ಬರೆದದ್ದು ಸುಳ್ಳು. ನಾನೂರ ಹನ್ನೆರಡು ಕಡೆ. ನಿಮ್ಮ ಮಾರನ್ನೆಲ್ಲ ಮೀಟರ್ ಮಾಡಿದವಳು ನಾನು. ಹಕ್ಕಿಗಳು ಎಲ್ಲೂ ಹೋಗಿಲ್ಲ. ಡಿಗ್ರಿ ಸರ್ಟಿಫಿಕೇಟಿಗೆ ಅಮ್ಮಿ ಫ್ರೇಮ್ ಹಾಕಿಸಿದ್ದಾರೆ, ಊರಿಗೆ ಹೋದರೆ ಅದನ್ನ ನೋಡೋಕೇ ನಾಚಿಕೆ ಆಗುತ್ತೆ.

ಇನ್ನೊಂದು ಮುಚ್ಚಿಟ್ಟಿದ್ದೆ. ಜನವರಿ ಕಾಗದದಲ್ಲಿ ಮೇಡಂ ಯೋಚನೆ ಮಾಡ್ತಿದ್ದಾರೆ ಅಂತಷ್ಟೇ ಬರೆದೆ. ಅವರು ಅಂದಿದ್ದು ಬೇರೆ. ಎತ್ತರಗಳನ್ನ ಮರದ ಕೆಳಗೆ ಕೂತು ಬರೆದ ಹಾಗಿದೆ, ಒಂದು ಕಾಲಂ ಸುಳ್ಳಾದರೆ ಮಿಕ್ಕಿದ್ದನ್ನ ಹೇಗೆ ನಂಬೋದು, ಹನ್ನೆರಡೂ ವರ್ಷ ತೆಗೆದುಬಿಡೋಣ ಅಂದ್ರು. ನಿಮ್ಮನ್ನ ಅಷ್ಟು ಹೊಗಳ್ತಿದ್ದವಳು ಆವತ್ತು ಸುಮ್ಮನೆ ಕೂತೆ. ಇದು ನಿಮಗೆ ಗೊತ್ತಿರಬೇಕು.

ನಿನ್ನೆ ಮೇಡಂಗೆ ಫೋನ್ ಮಾಡಿ ನನ್ನ ತಪ್ಪು ಒಪ್ಪಿಕೊಂಡೆ. ಅವರು ಒಳ್ಳೆಯವರೇ, ಸರಿ, ಹಾಗಾದ್ರೆ ಅವರ ಒಂದು ಮಾರು ಎಷ್ಟು ಸೆಂಟಿಮೀಟರ್ ಅಂತ ಗೊತ್ತಾಗಬೇಕು ಅಂದ್ರು. ಒಬ್ಬೊಬ್ಬರ ತೋಳು ಒಂದೊಂದು ಉದ್ದ, ಅಂದಾಜಿಗೆ ಆರಡಿ ಅಂತ ಹಾಕೋಕೆ ಬರಲ್ಲವಂತೆ. ನಿಮ್ಮದೇ ಅಳತೆ ಬೇಕು. ಸಿಕ್ಕರೆ ಹನ್ನೆರಡೂ ವರ್ಷ ಉಳಿಯುತ್ತೆ, ಸಿಗದಿದ್ರೆ ಇಲ್ಲ.

ಸುಲಭದ ಕೆಲಸ ಬಾಲರಾಜಣ್ಣ. ಎರಡು ತೋಳೂ ಚಾಚಿ ನೆಟ್ಟಗೆ ನಿಂತ್ಕೊಳ್ಳಿ, ಅಲ್ಲಿನ ಹುಡುಗರಿಗೆ ಆಮೆ ಅಳೆಯೋ ಟೇಪ್ ಹಿಡಿಯೋಕೆ ಹೇಳಿ, ಬಂದ ಅಳತೆ ಬರೆದು ಕಳಿಸಿ. ಮಾರ್ಚ್ ಮೂವತ್ತೊಂದರ ಒಳಗೆ ನನ್ನ ಕೈ ಸೇರಬೇಕು.

ಬಯ್ದು ಬರೆಯಿರಿ, ಆದರೆ ಬರೆಯಿರಿ.

ಫರ್ಹಾ


ಆಮೆ ಕ್ಯಾಂಪು
12 ಮಾರ್ಚ್ 2025

ತಾಯಿ ಫರ್ಹಾ,

ಬಯ್ಯಲ್ಲ. ನಗು ಬಂತು ಮೊದಲು. ಹನ್ನೊಂದು ಅಂದಾಗ ಹನ್ನೊಂದು ಮಾರು ಅಂದ್ಕೊಂಡು ನಿನ್ನ ಯಂತ್ರ ಕೆಟ್ಟೈತೆ ಅಂದೋನು ನಾನು. ಇಬ್ಬರೂ ಸರಿಯಾದ ಜೋಡಿ. ಅಳತೆ ಅಂದ್ರೆ ನಂಗೆ ಮಾರೇ ಕಣಮ್ಮ. ನಮ್ಮಪ್ಪ ಬಾವಿ ಹಗ್ಗ ಮಾರು ಹಾಕೋನು, ನಾನೂ ಮಾರು ಹಾಕ್ದೆ. ಬೇರೆ ಥರ ಅಳೀಬೇಕು ಅಂತ ಯಾರೂ ಹೇಳಲಿಲ್ಲ.

ಆಮೇಲೆ ನಗು ನಿಂತೋಯ್ತು. ಸುಲಭದ ಕೆಲಸ ಅಂದೆ. ದೋಣಿ ಬಂದು ನಾಲ್ಕು ದಿನ ನಿಂತಿತ್ತು, ಕೊನೇ ದಿನ ಬರೀತಿದ್ದೀನಿ.

ನನ್ನ ಎಡತೋಳು ನೆಟ್ಟಗಾಗಲ್ಲ. 2023ರ ಸೆಪ್ಟೆಂಬರ್ ಹದಿನಾಲ್ಕು, ಸಂಪಿಗೆ ಕಡೆ ತೋಟ, ಗರಿ ತೊಟ್ಟು ಕೊಳೆತಿತ್ತು, ಕಿತ್ಕೊಂಡು ಬಂತು. ಕೆಳಗೆ ಮಟ್ಟೆ ರಾಶಿ ಇದ್ದದ್ದಕ್ಕೆ ಉಳ್ಕೊಂಡೆ. ಭುಜದ ಮೂಳೆ ಸರಿಯಾಗಿ ಕೂರಲಿಲ್ಲ. ಆಫೀಸಿಗೆ ಜ್ವರ ಅಂತ ಹೇಳಿದೆ. ಹತ್ತಲಾರದೋನು ಅಂತ ಗೊತ್ತಾದ್ರೆ ಏನು ಉಳೀತದೆ ಬಾಲರಾಜುಗೆ? ಮೂರು ತಾಲ್ಲೂಕು ಮೆಚ್ಚಿದ್ದು ನನ್ನ ಹತ್ತೋದನ್ನ. ಅದಕ್ಕೇ ನಿನಗೆ ಬೀಗದಕೈ ಕೊಟ್ಟು ಇಲ್ಲಿಗೆ ಬಂದೆ. ಇಲ್ಲಿ ಎಲ್ಲಾ ನೆಲದ ಮೇಲೇ. ಒಂದು ಕೈ ಖಾಲಿ ಇಡಬೇಕು ಅಂತ ನೀನು ಕಲಿತ್ಯಲ್ಲ, ಅದು ಖಾಲಿ ಕೈ ಅಲ್ಲ, ಏಳದ ಕೈ. ನೀನು ಅಷ್ಟು ಭಕ್ತಿಯಿಂದ ಬರೆದಿದ್ದೆ, ಹೌದು ಅಂದುಬಿಟ್ಟೆ.

ನಿನ್ನ ಹಕ್ಕಿ ಮೇಲಕ್ಕೆ ಹೋಗಲಿಲ್ಲ ಕಣವ್ವ. ನಾನು ಕೆಳಕ್ಕೆ ಬಂದೆ, ಅಷ್ಟೇ.

ಆದಷ್ಟು ಚಾಚಿ ಒಂದು ದಾರ ಅಳೆದು ಕತ್ತರಿಸಿ ಇದರ ಜತೆ ಇಟ್ಟಿದ್ದೀನಿ. ಇದು ಈಗಿನ ಮಾರು. ಆಗಿಂದು ಇದಕ್ಕಿಂತ ಉದ್ದ, ಎಷ್ಟು ಅಂತ ನಂಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಇಷ್ಟು ಅಂತ ಹೇಳಲ್ಲ. ಆ ನೋಟ್‌ಬುಕ್ ಬುಟ್ಬುಡು. ನಿನ್ನ ವರ್ಷದಿಂದ ಶುರು ಮಾಡ್ಲಿ, ನೀನು ಚೆನ್ನಾಗಿ ಮಾಡ್ತೀಯ.

ಬಾಲರಾಜು


ತಿಪಟೂರು
30 ಮಾರ್ಚ್ 2025

ಬಾಲರಾಜಣ್ಣ,

ನಿಮ್ಮ ದಾರ ನಿನ್ನೆ ಬಂತು. ಅಬ್ಬಾ ಅಂಗಡಿಯ ಮೇಜಿನ ಮೇಲೆ ಎಳೆದು ಅಳೆದೆ. ನೂರ ನಲವತ್ತೊಂದು ಸೆಂಟಿಮೀಟರ್. ಆಗಿನ ನಿಮ್ಮ ಮಾರು ಎಷ್ಟಿತ್ತು ಅಂತ ನಾನು ಹೇಳ್ತೀನಿ ಕೇಳಿ. ನೂರ ಅರವತ್ತೇಳೂವರೆ. ಹೇಗೆ ಗೊತ್ತಾಯ್ತು ಅಂತ ಕ್ರಮವಾಗಿ ಹೇಳಬೇಕು, ನನಗೋ ಹೊಟ್ಟೆಯಲ್ಲಿ ನಿಲ್ತಿಲ್ಲ.

ಮಾರ್ಚ್ ಹದಿನೈದಾದರೂ ನಿಮ್ಮ ಕಾಗದ ಇಲ್ಲ. ಕೋಪ ಅಂದುಕೊಂಡೆ. ಊರಿಗೆ ಬಂದು ಅಬ್ಬಾ ಮುಂದೆ ಅತ್ತೆ. ಬಾಲರಾಜಣ್ಣನ ತೋಳಿನ ಅಳತೆ ಕೇಳಿದೆ, ಅದಕ್ಕೂ ಉತ್ತರ ಇಲ್ಲ ಅಂದೆ. ಅಬ್ಬಾ ಹೊಲಿಗೆ ನಿಲ್ಲಿಸಿದರು. ಕೇಳಬಾರದ್ದು ಕೇಳಿಬಿಟ್ಟೆ ಬೇಟಾ ಅಂದ್ರು. ಎದ್ದು ಹೋಗಿ ಹಳೇ ಅಳತೆ ಪುಸ್ತಕ ಎರಡು ತಂದು ನನ್ನ ಮುಂದಿಟ್ಟು, ತಾನು ಬಾಯಲ್ಲಿ ಏನೂ ಹೇಳಲ್ಲ, ಅಳತೆ ತಗೊಂಡವನು ಮೈಯ ಗುಟ್ಟು ಆಡಬಾರದು ಅಂತ ಅವರ ಉಸ್ತಾದರು ಹೇಳಿಕೊಟ್ಟಿದ್ದಾರೆ, ಬೇಕಾದ್ರೆ ನೀನೇ ಓದ್ಕೋ ಅಂತ ಹೊರಗೆ ಹೋದರು. 2022ರಲ್ಲಿ ನಿಮ್ಮ ಖಾಕಿ ಅಂಗಿ, ಎರಡು ತೋಳೂ ಒಂದೇ. 2023ರ ಡಿಸೆಂಬರಿನಲ್ಲಿ ಅದೇ ಹೆಸರು, ಅಬ್ಬಾ ಕೈಬರಹ: "ಎಡ ಕಂಕುಳು ಎರಡಿಂಚು ಸಡಿಲ. ಕೈ ಮೇಲೆ ಬರಲ್ಲ. ಹೊರಗೆ ಕಾಣದ ಹಾಗೆ ಹೊಲಿಯೋದು."

ಒಂದೂಕಾಲು ವರ್ಷದಿಂದ ಅವರಿಗೆ ಗೊತ್ತಿತ್ತು. ಒಂದೇ ಮನೆಯಲ್ಲಿ ಇಬ್ಬರೂ ನಿಮ್ಮ ಮಾತೇ ಆಡ್ತಿದ್ವಿ, ಅವರು ತುಟಿ ಬಿಚ್ಚಲಿಲ್ಲ. ಆ ಅಂಗಿ ಹಾಕಿಕೊಂಡೇ ನೀವು ನನಗೆ ಹತ್ತು ದಿನ ಕೆಲಸ ಕಲಿಸಿದ್ದು. ಹೊರಗೆ ಕಾಣಲೇ ಇಲ್ಲ ಬಾಲರಾಜಣ್ಣ, ಅಬ್ಬಾ ಅಷ್ಟು ಚೆನ್ನಾಗಿ ಹೊಲಿದಿದ್ದಾರೆ.

ಅಂಗಿಯ ಅಳತೆಯಲ್ಲಿ ಅಂಗೈ ಸೇರಲ್ಲ, ಹಾಗಾಗಿ ಅದರಿಂದ ಮಾರು ಸಿಗಲ್ಲ. ಆವತ್ತು ಪುಸ್ತಕ ಮುಚ್ಚಿ ಕೂತಾಗ ನಿಮ್ಮ ಗಾದೆ ನೆನಪಾಯ್ತು. ನಿಮಗೆ ಬೇಲಿಗೂಟವೂ ಇಲ್ಲ ಅಂದ್ರಲ್ಲ. ನೀವು ಬರೀ ಮರ ಅಳೆದಿದ್ದೀರಾ? ಮರ ಬೆಳೆಯುತ್ತೆ, ಕಲ್ಲು ಬೆಳೆಯುತ್ತಾ? ಮಾರನೇ ದಿನ ಹಂದನಕೆರೆಗೆ ಓಡಿ ಟ್ರಂಕು ತೆಗೆದೆ. 2016ರ ನೋಟ್‌ಬುಕ್ಕಿನಲ್ಲಿ ಹೀಗಿದೆ: "ಕೆಂಚಯ್ಯನ ಬಾವಿ. ಮೇಲಿನ ಚಪ್ಪಡಿಯಿಂದ ಸರಿಯಾಗಿ ನಾಲ್ಕು ಮಾ. ಕೆಳಗೆ, ಪಡುವಣ ಗೋಡೆ, ಉಡದ ಪೊಟರೆ." ಕೆಂಚಯ್ಯನವರು ಮೇಲೆ ಟೇಪಿನ ತುದಿ ಹಿಡಿದರು, ನಾನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಇಳಿದೆ. ಆರು ಮೀಟರ್ ಎಪ್ಪತ್ತು. ನಾಲ್ಕರಿಂದ ಭಾಗಿಸಿದರೆ ನೂರ ಅರವತ್ತೇಳೂವರೆ. ಉಡ ಪೊಟರೆ ಒಳಗೇ ಇತ್ತು, ಬುಸ್ ಅಂತು, ನಾನು ಸಾರಿ ಅಂದೆ.

ಒಂದು ಸಾಲದು ಅಂದ್ರು ಮೇಡಂ, ಬೆಂಗಳೂರಿಂದ ತಾವೇ ಬಂದರು. ರಂಗಮ್ಮನ ಮನೆ ಕೊಬ್ಬರಿ ಅಟ್ಟದ ತೊಲೆ, ಗೂಬೆ ಮರಿ ಮಾಡಿದ ಜಾಗ, ನೀವು ಎರಡು ಮಾ. ಅಂತ ಬರೆದಿದ್ದು. ಟೇಪಲ್ಲಿ ಮೂರು ಮೀಟರ್ ಮೂವತ್ತೈದು. ಶೆಟ್ಟಿಕೆರೆ ಕೋಡಿಯ ಕಲ್ಲುಗೋಡೆ, ನೀವು ಮೂರು ಮಾ. ಅಂದಿದ್ದು. ಐದು ಮೀಟರ್ ಮೂರು ಸೆಂಟಿಮೀಟರ್. ಮೇಡಂ ಕೋಡಿ ಮೇಲೇ ಕೂತುಬಿಟ್ಟರು. ಬೇರೆ ಬೇರೆ ವರ್ಷ, ಬೇರೆ ಬೇರೆ ಜಾಗ, ಒಂದು ಬೆರಳು ಅಗಲ ಕೂಡ ಆಚೀಚೆ ಇಲ್ಲ. ಆಮೇಲೆ ಅವರೇ 2023ರ ನೋಟ್‌ಬುಕ್ ಕೇಳಿದರು. ಆ ಮೂವತ್ತೊಂದು "ಹತ್ತಲಿಲ್ಲ" ಮೇಲೆ ಬೆರಳಿಟ್ಟು ಹೇಳಿದ್ದನ್ನ ಹಾಗೇ ಬರೀತೀನಿ. "ಸುಳ್ಳು ಬರೆಯೋ ಮನುಷ್ಯ ಆಗಿದ್ದರೆ ಇಲ್ಲಿ ಬರೀತಿದ್ದರು. ಅವರನ್ನ ಅನುಮಾನಿಸಿದ್ದು ನನ್ನ ತಪ್ಪು."

ವರದಿ ಮೊನ್ನೆಯೇ ಹೋಯ್ತು. ಹನ್ನೆರಡೂ ವರ್ಷ ಅದರಲ್ಲಿದೆ. ಎತ್ತರದ ಕಾಲಂಗೆ ಬಾ.ಮಾ. ಅಂತ ಹೆಸರು, ಬಾಲರಾಜು ಮಾರು. ಕೆಳಗೆ ಒಂದು ಸಾಲಿನಲ್ಲಿ ಅದು ಎಷ್ಟು, ಹೇಗೆ ಅಳೆದದ್ದು ಅಂತ ವಿವರ. ಬರೆದವರ ಹೆಸರಲ್ಲಿ ಮೊದಲು ಮೇಡಂ, ಎರಡನೇದು ನೀವು. ನಾನು ಕೊನೆಗೆ, ನಾನೇ ಕೇಳಿ ಹಾಕಿಸಿಕೊಂಡ ಜಾಗ. ನಿಮ್ಮ ತೋಳಿನ ವಿಷಯ ಎಲ್ಲೂ ಇಲ್ಲ, ಮೇಡಂಗೂ ಹೇಳಿಲ್ಲ. ಅದು ಹೇಳೋದು ಬಿಡೋದು ನಿಮ್ಮಿಷ್ಟ.

ಊರವರು ಮೆಚ್ಚಿದ್ದು ಹತ್ತೋದನ್ನ ಅಂದ್ರಿ. ನಾನು ಮೆಚ್ಚಿದ್ದು ಹತ್ತಲಿಲ್ಲ ಅಂತ ಬರೆದ ಕೈಯನ್ನ. ಆಮೆ ಕಾಲ ಮುಗಿದ ಮೇಲೆ ಬಂದುಬಿಡಿ. ಹಾವುರಾಣಿ ಇಲ್ಲೂ ನೆಲದ ಮೇಲೇ ಇರೋದು. ಹತ್ತೋದು ನಾನು ನೋಡ್ಕೋತೀನಿ. ಮಟ್ಟೆ ರಾಶಿಯನ್ನ ಈಗಲೂ ಒಂದೇ ಕೈಯಲ್ಲಿ ಎತ್ತುತ್ತೀನಿ, ಅಭ್ಯಾಸ ಆಗಿಹೋಗಿದೆ.

ಫರ್ಹಾ


ಆಮೆ ಕ್ಯಾಂಪು
24 ಏಪ್ರಿಲ್ 2025

ತಾಯಿ ಫರ್ಹಾ,

ಕಾಗದ ಓದಿ ಮರಳ ಮೇಲೆ ಕೂತಿದ್ದೆ. ಹುಡುಗರು ಬಂದು ಏನಾಯ್ತು ಅಂದ್ರು. ಉಪ್ಪು ಹೊರಗೆ ಹಾಕ್ತಾ ಇದ್ದೀನಿ ಅಂದೆ.

ಮುಂದಿನ ದೋಣಿಗೆ ಹೊರಟು ಬತ್ತೀನಿ. ಮೇಡಂಗೆ ತೋಳಿನ ವಿಷಯ ನಾನೇ ಹೇಳ್ತೀನಿ, ಎದುರಿಗೆ ನಿಂತು. ನಿಮ್ಮ ಅಬ್ಬಾಗೆ ಹೇಳು, ಇನ್ನೊಂದು ಅಂಗಿ ಹೊಲೀಬೇಕು. ಎಡ ಕಂಕುಳು ಸಡಿಲ ಇರಲಿ, ಮುಚ್ಚಿ ಹೊಲಿಯೋ ಕಷ್ಟ ಬೇಡ. ಕೆಂಚಯ್ಯಂಗೆ ನಮಸ್ಕಾರ, ಉಡಕ್ಕೂ. ಮಟ್ಟೆ ರಾಶಿ ಎರಡು ಕೈಯಲ್ಲಿ ಎತ್ತು, ಬೆನ್ನು ಹೋದೀತು.

ನನ್ನ ಹೆಸರು ಅಚ್ಚಾಗೋವಾಗ ಕಾಗುಣಿತ ಮಾತ್ರ ನೀನು ತಿದ್ದೋಕೆ ಹೋಗಬೇಡ.

ಒಂದು ಕೆಲಸ ಹೇಳ್ತೀನಿ, ನಾನು ಬರೋ ತನಕ ಕಾಯಬೇಡ. ನಿಮ್ಮ ಅಬ್ಬಾ ಕೈಗೆ ಟೇಪ್ ಕೊಟ್ಟು, ಗೋಡೆಗೆ ಒರಗಿ ನಿಂತು ನಿನ್ನ ಮಾರು ಅಳೆಸು. ಎಷ್ಟು ಬಂತು ಅಂತ ನಿನ್ನ ನೋಟ್‌ಬುಕ್ಕಿನ ಮೊದಲ ಹಾಳೇಲಿ ಬರೆದಿಡು. ಯಂತ್ರ ಇದ್ರೂ ಬರಿ. ನಿನ್ನ ಹಿಂದೆ ಇನ್ಯಾರೋ ಬಂದು ಟ್ರಂಕು ತೆಗೀತಾರೆ. ಇವತ್ತೇ ಬರಿ ಕಣಮ್ಮ, ಎರಡು ತೋಳೂ ನೆಟ್ಟಗಿರೋವಾಗ.

ಬಾಲರಾಜು